ಮೊಡವೆಯೋ, ಇಸುಬೋ? ಮುಲಾಮು ಹಚ್ಚುವ ಮೊದಲು ತಿಳಿದಿರಬೇಕಾದ ವಿಷಯಗಳು

ಮುಖದ ಮೇಲೆ ನಾಲ್ಕು ಗುಳ್ಳೆ ಎದ್ದರೆ ಮನೆಯಲ್ಲಿ ಸಾಮಾನ್ಯವಾಗಿ ಮೊದಲು ಹುಡುಕುವುದು ಹಿಂದೆ ಯಾರಿಗೋ ಬರೆದುಕೊಟ್ಟ ಹಳೆಯ ಟ್ಯೂಬನ್ನು. ಅದು ಸಿಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಕ್ರೀಮ್ ತರುತ್ತಾರೆ. ಆದರೆ ಆ ಗುಳ್ಳೆ ಮೊಡವೆಯೋ ಇಸುಬೋ ಎಂಬುದು ತಿಳಿಯದೆ ಹಚ್ಚಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಕೆಲವು ಕಡೆ ಇಸಬು ಎಂದೂ ಕರೆಯುವ, ವೈದ್ಯರು ಎಕ್ಸಿಮಾ ಎಂದು ಬರೆಯುವ ಕಾಯಿಲೆಗೂ ಮೊಡವೆಗೂ ಕಾರಣ ಬೇರೆ. ಒಂದರ ಔಷಧ ಇನ್ನೊಂದನ್ನು ಕೆಡಿಸುವುದೂ ಉಂಟು.

ಮೊಡವೆ ಹುಟ್ಟುವುದು ಕೂದಲಿನ ಬುಡದಲ್ಲಿರುವ ಎಣ್ಣೆಗ್ರಂಥಿಯಲ್ಲಿ. ಹರೆಯದಲ್ಲಿ ಹಾರ್ಮೋನುಗಳಿಂದ ಈ ಗ್ರಂಥಿ ಹೆಚ್ಚು ಜಿಡ್ಡು ಸುರಿಸುತ್ತದೆ, ಸತ್ತ ಜೀವಕೋಶಗಳು ಸೇರಿ ರಂಧ್ರ ಮುಚ್ಚಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತ, ಕೀವು ಬರುತ್ತದೆ. ಆದ್ದರಿಂದಲೇ ಅದು ಎಣ್ಣೆಗ್ರಂಥಿ ಹೆಚ್ಚಿರುವ ಮುಖ, ಎದೆ, ಬೆನ್ನು, ಭುಜಗಳಲ್ಲಿ ಕಾಣುತ್ತದೆ. ಕೊಳೆಯಿಂದ ಮೊಡವೆ ಬರುತ್ತದೆ ಎಂದು ದಿನಕ್ಕೆ ಆರು ಬಾರಿ ಸೋಪು ಹಾಕಿ ಉಜ್ಜುವುದು ವ್ಯರ್ಥ. ಎರಡು ಬಾರಿ ತೊಳೆದರೆ ಸಾಕು.

ಇಸುಬಿನಲ್ಲಿ ತೊಂದರೆ ಇರುವುದು ಚರ್ಮದ ಹೊರಪದರದಲ್ಲಿ. ನೀರಿನಂಶವನ್ನು ಹಿಡಿದಿಡಬೇಕಾದ ಆ ಗೋಡೆ ದುರ್ಬಲವಾಗಿ ಚರ್ಮ ಒಣಗುತ್ತದೆ. ಸೋಪು, ಧೂಳು, ಉಣ್ಣೆ ಬಟ್ಟೆ ಯಾವುದು ತಗುಲಿದರೂ ಕೆರಳುತ್ತದೆ. ಬಹುಪಾಲು ಇದು ಐದು ವರ್ಷದೊಳಗೇ ಶುರುವಾಗುತ್ತದೆ. ಹಸುಗೂಸಿಗೆ ಕೆನ್ನೆಯಲ್ಲಿ, ದೊಡ್ಡ ಮಕ್ಕಳಿಗೆ ಮೊಣಕೈ ಒಳಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆಯಲ್ಲಿ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಅಥವಾ ಅಲರ್ಜಿ ಸೀನು ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಹೆಚ್ಚಾಗುತ್ತದೆ.

ಗುರುತಿಸುವುದು ಹೇಗೆ?

ಮೊದಲ ಪ್ರಶ್ನೆ ತುರಿಕೆಯದು. ರಾತ್ರಿ ನಿದ್ದೆಗೆಡಿಸುವಷ್ಟು ತುರಿಕೆ ಇದ್ದರೆ ಅದು ಮೊಡವೆಯಾಗಿರುವ ಸಾಧ್ಯತೆ ಕಡಿಮೆ. ಮೊಡವೆ ನೋಯಬಹುದು, ಆದರೆ ಸಾಮಾನ್ಯವಾಗಿ ಅಷ್ಟು ತುರಿಸುವುದಿಲ್ಲ. ಎರಡನೆಯದು, ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಎನ್ನುವ ಚಿಕ್ಕ ಕಪ್ಪು, ಬಿಳಿ ಚುಕ್ಕೆಗಳು. ಇವು ಮೊಡವೆಯ ಗುರುತು, ಇಸುಬಿನಲ್ಲಿ ಇರುವುದಿಲ್ಲ. ಇಸುಬಿನ ಜಾಗ ಒರಟಾಗಿ ಹೊಟ್ಟು ಏಳುತ್ತದೆ, ಕೆಲವೊಮ್ಮೆ ನೀರು ಸೋರುತ್ತದೆ, ಹಳೆಯದಾದರೆ ದಪ್ಪಗಾಗುತ್ತದೆ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಕೆಂಪು ಬಣ್ಣವನ್ನೇ ಹುಡುಕಬಾರದು; ನಮ್ಮವರ ಗೋಧಿ, ಕಪ್ಪು ಮೈಬಣ್ಣದಲ್ಲಿ ಅದು ಕಂದು ಅಥವಾ ಬೂದು ಮಿಶ್ರಿತ ನೇರಳೆಯಾಗಿ ಕಾಣುತ್ತದೆ.

ವಯಸ್ಸಾದ ಮೇಲೆ ಹೊಸದಾಗಿ ಬರುವ ಇಸುಬಿಗೆ ಎಷ್ಟೋ ಸಲ ಹೊರಗಿನ ವಸ್ತುವೇ ಕಾರಣ. ಬೆಳ್ಳಿ, ಬಂಗಾರದ್ದಲ್ಲದ ಆಭರಣದ ನಿಕಲ್, ತಲೆಗೆ ಹಚ್ಚುವ ಬಣ್ಣ, ಅಂಟಿಸುವ ಬಿಂದಿಯ ಅಂಟು ಇವೆಲ್ಲ ಪಟ್ಟಿಯಲ್ಲಿವೆ. ಹೊಲಕ್ಕೆ ಹೋಗುವವರಿಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ದೊಡ್ಡ ಶತ್ರು. ಅದರ ಕಣಗಳು ಗಾಳಿಯಲ್ಲಿ ಬಂದು ಕಣ್ಣುರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಇಸುಬು ಎಬ್ಬಿಸುತ್ತವೆ. ಗಿಡದ ಸಹವಾಸ ತಪ್ಪದೆ ಕ್ರೀಮಿನಿಂದಷ್ಟೇ ಇದು ಹೋಗುವುದಿಲ್ಲ.

ಒಂದೇ ಎಣ್ಣೆ, ಎರಡು ಫಲ

ಕೊಬ್ಬರಿ ಎಣ್ಣೆ ಒಳ್ಳೆಯ ಉದಾಹರಣೆ. ಒಣಗಿದ ಇಸುಬಿನ ಚರ್ಮಕ್ಕೆ ಅದು ಹಿತ. ಅದೇ ಎಣ್ಣೆಯನ್ನು ಮೊಡವೆ ಇರುವ ಮುಖಕ್ಕೆ ಬಳಿದರೆ ರಂಧ್ರ ಇನ್ನಷ್ಟು ಮುಚ್ಚುತ್ತದೆ. ತಲೆಗೆ ಧಾರಾಳವಾಗಿ ಎಣ್ಣೆ ಹಾಕುವ ಮಕ್ಕಳ ಹಣೆಯ ಅಂಚಿನಲ್ಲಿ ಸಾಲಾಗಿ ಗುಳ್ಳೆ ಏಳುವುದಕ್ಕೆ ಇದೇ ಕಾರಣವಿರಬಹುದು. ಹಾಗೆಯೇ ಮೊಡವೆಗೆ ಕೊಡುವ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಜೆಲ್‌ಗಳು ಚರ್ಮವನ್ನು ಒಣಗಿಸುತ್ತವೆ. ಇಸುಬಿನ ಮೇಲೆ ಬಿದ್ದರೆ ಉರಿ. ಮೊಡವೆಯ ಔಷಧ ಕೆಲಸ ಮಾಡಲು 8ರಿಂದ 12 ವಾರ ಬೇಕು. ಎರಡು ವಾರಕ್ಕೇ ಬೇಸತ್ತು ಬಿಡುವವರೇ ಹೆಚ್ಚು. ಇಸುಬಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುವುದು ಮೂಲ ಚಿಕಿತ್ಸೆ. ಅಗ್ಗದ ಪೆಟ್ರೋಲಿಯಂ ಜೆಲ್ಲಿಯೂ ನಡೆಯುತ್ತದೆ.

ನಿಜವಾದ ಅಪಾಯ ಇರುವುದು ಸ್ಟಿರಾಯ್ಡ್ ಕ್ರೀಮ್‌ಗಳಲ್ಲಿ. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟಿರಾಯ್ಡ್. ಬಿಳಿಯಾಗಿಸುವ ಕ್ರೀಮ್ ಎಂದು ಮಾರುವ ಕೆಲವು ಟ್ಯೂಬುಗಳಲ್ಲೂ ಇದು ಇರುತ್ತದೆ. ಇಸುಬಿಗೆ ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಇದು ಒಳ್ಳೆಯ ಔಷಧವೇ, ಹೆದರಬೇಕಿಲ್ಲ. ಮೊಡವೆಗೆ ಹಚ್ಚಿದರೆ ಮೊದಲ ಕೆಲವು ದಿನ ಮುಖ ನುಣುಪಾಗಿ ಕಾಣುತ್ತದೆ. ಮುಂದೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತದೆ. ಬಿಟ್ಟರೆ ಉರಿದು ಕೆಂಪಾಗುವುದರಿಂದ ಬಿಡಲೂ ಆಗುವುದಿಲ್ಲ. ಕಣ್ಣುರೆಪ್ಪೆಗೆ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು. ಹುಳುಕಡ್ಡಿಯನ್ನು ಇಸುಬೆಂದು ತಿಳಿದು ಹಚ್ಚಿದರೆ ಅದು ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ.

ಜೈನ ಕುಟುಂಬಗಳು ವೈದ್ಯರಿಗೆ ಮೊದಲೇ ಹೇಳಬೇಕಾದ ಎರಡು ಮಾತುಗಳಿವೆ. ಒಂದು, ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಸೇರಿದಂತೆ ಹಲವು ಔಷಧಗಳ ಕ್ಯಾಪ್ಸೂಲ್ ಕವಚ ಸಾಮಾನ್ಯವಾಗಿ ಜೆಲಟಿನ್‌ನದು. ಅದನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ತಯಾರಿಸುತ್ತಾರೆ. ಕೆಲವು ಮಾಯಿಶ್ಚರೈಸರ್‌ಗಳಲ್ಲಿ ಜೇನುಮೇಣ ಇರುತ್ತದೆ. ನಡುವೆ ಗೊತ್ತಾಗಿ ಔಷಧ ಬಿಡುವುದಕ್ಕಿಂತ ಆರಂಭದಲ್ಲೇ ಕೇಳಿದರೆ ಮಾತ್ರೆ ಅಥವಾ ಜೆಲ್ ರೂಪದ ಬದಲಿ ಇದೆಯೇ ಎಂದು ವೈದ್ಯರು ನೋಡಬಹುದು. ಇನ್ನೊಂದು, ಸೂರ್ಯಾಸ್ತದ ನಂತರ ಆಹಾರ, ನೀರು ಬಿಟ್ಟವರ ಮಾತ್ರೆಯ ಸಮಯ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಹಗಲಿನಲ್ಲಿ ತುಂಬು ಲೋಟ ನೀರಿನೊಂದಿಗೆ ತೆಗೆದುಕೊಳ್ಳುವಂತೆ ಬರೆಸಿಕೊಳ್ಳಬೇಕು.

ಐಸೊಟ್ರೆಟಿನಾಯಿನ್ ಬಗ್ಗೆ ಮತ್ತೊಂದು ಎಚ್ಚರಿಕೆ: ಗರ್ಭಿಣಿಯರು ಇದನ್ನು ಮುಟ್ಟಲೇಬಾರದು. ಹುಟ್ಟುವ ಮಗುವಿಗೆ ಗಂಭೀರ ಅಂಗವೈಕಲ್ಯ ಬರುತ್ತದೆ. ಮದುವೆ ನಿಶ್ಚಯವಾದ ಹುಡುಗಿಯರಿಗೆ ಮನೆಯವರೇ ಇದನ್ನು ತಿಳಿಸಬೇಕು. ನಾಚಿಕೆಯ ವಿಷಯ ಇದಲ್ಲ.

ಮೊಡವೆ ಗಂಟು ಕಟ್ಟಿ ಗುಳಿ ಬೀಳುತ್ತಿದ್ದರೆ, ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪುವುದರ ಜೊತೆ ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಇಸುಬು ಇರುವ ಮಗುವಿಗೆ ಜ್ವರದೊಂದಿಗೆ ಗುಂಪು ಗುಂಪಾಗಿ ನೋಯುವ ಗುಳ್ಳೆ ಎದ್ದರೆ ಅದೇ ದಿನ ಹೋಗಬೇಕು, ಅದು ಹರ್ಪಿಸ್ ಸೋಂಕಾಗಿರಬಹುದು. ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯುವುದು ಒಳ್ಳೆಯದು.