ಗುರುವಿಗೆ ಶಾಲು, ಶಿಷ್ಯನಿಗೆ ಶುಲ್ಕ: ಸನ್ಮಾನದ ಹಳೆಯ ಹಾದಿ

ಸೆಪ್ಟೆಂಬರ್ 5 ಬಂತೆಂದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಶಾಲು-ಹಾರಗಳಿಗೆ ಎಲ್ಲಿಲ್ಲದ ಬೇಡಿಕೆ. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ ಎಂಬ ಮೂರು ವಿಭಾಗಗಳಲ್ಲಿ ಜಿಲ್ಲಾ ಉತ್ತಮ ಶಿಕ್ಷಕ ಪ್ರಶಸ್ತಿಗಳನ್ನು ನೀಡಲಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮೇಲೆ ವಿದ್ಯಾರ್ಥಿಗಳ ಸರದಿ. ಮಸಗುಪ್ಪಿಯಂಥ ಹಳ್ಳಿಯ ಮಗು ಹೆಚ್ಚು ಅಂಕ ಗಳಿಸಿದರೆ ಅದು ಇಡೀ ಊರಿನ ಹೆಮ್ಮೆ. ಆದರೆ ಈ ನೆಲದಲ್ಲಿ ಸನ್ಮಾನವೆಂದರೆ ಯಾವಾಗಲೂ ಶಾಲು ಮತ್ತು ಫಲಕವೇ ಆಗಿರಲಿಲ್ಲ. ಬಹುಕಾಲ ಅದು ಮುಂದಿನ ಓದಿನ ಖರ್ಚು ಹೊರುವ ಹೊಣೆಯಾಗಿತ್ತು.

ದಕ್ಷಿಣೆಯಿಂದ ಬಹುಮಾನಕ್ಕೆ

ಪೇಶ್ವೆಗಳ ಕಾಲದಲ್ಲಿ ಶ್ರಾವಣಮಾಸದಲ್ಲಿ ಪುಣೆಯಲ್ಲಿ ಪಂಡಿತರಿಗೆ ದಕ್ಷಿಣೆ ಕೊಡುವ ರೂಢಿಯಿತ್ತು. ಇದು ವಿದ್ಯೆಗೆ ಸಂದ ಗೌರವವೇ ಹೌದು. ಆದರೆ ಪಡೆಯುವವರು ಬ್ರಾಹ್ಮಣರು ಮಾತ್ರ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. ಕಂಪನಿ ಸರ್ಕಾರ ದಕ್ಷಿಣೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ, ಅದರ ದಾರಿಯನ್ನು ತಿರುಗಿಸಿತು. ಒಂದು ಪಾಲು 1821ರಲ್ಲಿ ಪುಣೆಯಲ್ಲಿ ತೆರೆದ ಸಂಸ್ಕೃತ ಪಾಠಶಾಲೆಗೆ ಹೋಯಿತು. ಮುಂದೆ ಇನ್ನೊಂದು ಪಾಲು ದೇಶಭಾಷೆಯ ಪುಸ್ತಕಗಳಿಗೆ ಬಹುಮಾನವಾಯಿತು. ಹೆಣ್ಣುಮಕ್ಕಳ ಶಾಲೆ ನಡೆಸಿದ ಜ್ಯೋತಿರಾವ್ ಫುಲೆಯವರನ್ನು 1852ರಲ್ಲಿ ಸರ್ಕಾರ ಪುಣೆಯಲ್ಲಿ ಶಾಲು ಹೊದಿಸಿ ಸನ್ಮಾನಿಸಿತು. ಜಾತಿಯಿಂದ ಬರುತ್ತಿದ್ದ ಗೌರವ ಹೀಗೆ ಮೆಲ್ಲಗೆ ಕೆಲಸದ ಕಡೆಗೆ ಹೊರಳಿತು.

1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕನ್ನಡದ ಮಕ್ಕಳೂ ಮರಾಠಿಯಲ್ಲೇ ಅಕ್ಷರ ಕಲಿಯಬೇಕಾಗಿದ್ದ ಊರುಗಳಲ್ಲಿ ಕನ್ನಡ ಶಾಲೆ ತೆರೆಸಲು ದುಡಿದವರು ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪ. ಅವರ ಹುದ್ದೆಯ ಹೆಸರನ್ನೇ ಜನ ಅವರ ಹೆಸರಿಗೆ ಅಂಟಿಸಿಬಿಟ್ಟರು. ಯಾವ ಪದಕಕ್ಕೂ ಕಡಿಮೆಯಿಲ್ಲದ ಗೌರವವದು. 1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಕನ್ನಡ ಗ್ರಂಥಗಳಿಗೆ ಬಹುಮಾನ ಕೊಡುವ ಕೆಲಸವನ್ನು ಕೈಗೆತ್ತಿಕೊಂಡಿತು.

ಆ ದಿನಗಳಲ್ಲಿ ಹಳ್ಳಿಯ ಹುಡುಗನಿಗೆ ದೊಡ್ಡ ಮೆಟ್ಟಿಲೆಂದರೆ ಕನ್ನಡ ಸಾಲಿಯ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಿತ್ತು. ಉತ್ತಮ ವಿದ್ಯಾರ್ಥಿಯೇ ನಾಳಿನ ಶಿಕ್ಷಕ ಎಂಬ ಈ ಏರ್ಪಾಡಿನಲ್ಲಿ ಪರೀಕ್ಷೆ ಪಾಸಾಗುವುದೇ ಒಂದು ಸನ್ಮಾನವಾಗಿತ್ತು.

ಆಸ್ತಿಯೇ ಬಹುಮಾನವಾದಾಗ

ಆದರೆ ಹೈಸ್ಕೂಲು, ಕಾಲೇಜು ಎಂದರೆ ಪಟ್ಟಣವಾಸ. ಊಟ, ವಸತಿ, ಶುಲ್ಕ ಭರಿಸುವವರು ಯಾರು? ಈ ಪ್ರಶ್ನೆಗೆ ಬೆಳಗಾವಿ ಜಿಲ್ಲೆ ಕೊಟ್ಟ ದೊಡ್ಡ ಉತ್ತರ ಶಿರಸಂಗಿ ಲಿಂಗರಾಜ ದೇಸಾಯಿ (1861-1906). ಸವದತ್ತಿ ಸೀಮೆಯ ಈ ಸಂಸ್ಥಾನಿಕರು ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಉಯಿಲು ಬರೆದರು. ಅವರ ಹೆಸರಿನ ಟ್ರಸ್ಟಿನ ನೆರವಿನಿಂದ ಮುಂದೆ ಅನೇಕರು ಓದಿದರು. ಅದರ ಬಾಗಿಲು ಒಂದೇ ಸಮಾಜಕ್ಕೆ ತೆರೆದಿತ್ತೆಂಬುದನ್ನೂ ಮರೆಯುವಂತಿಲ್ಲ. ಅಂಥ ಆಸರೆಯಿಲ್ಲದ ಸಮುದಾಯಗಳ ಮಕ್ಕಳು ಬಹುಕಾಲ ಹೊರಗೇ ಉಳಿದರು.

ಲಿಂಗರಾಜರು ತೀರಿಕೊಂಡ ಹತ್ತು ವರ್ಷಕ್ಕೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭವಾಯಿತು. ಅದನ್ನು ಕಟ್ಟಲು ಮುಂದಾದ ಶಿಕ್ಷಕರನ್ನೂ ಅವರ ಜೊತೆಗಾರರನ್ನೂ ಸೇರಿಸಿ ಏಳು ಮಂದಿಯನ್ನು ಜನ ಇಂದಿಗೂ ‘ಸಪ್ತರ್ಷಿಗಳು’ ಎಂದೇ ಕರೆಯುತ್ತಾರೆ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟಿತು.

ಮಮದಾಪುರದಿಂದ ಕೇಂಬ್ರಿಜ್‌ಗೆ

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರ ಬಾಳು ಪರೀಕ್ಷೆಯ ಗೌರವಕ್ಕೆ ಒಳ್ಳೆಯ ಉದಾಹರಣೆ. ಅದೇ ವರ್ಷ ರ‍್ಯಾಂಗ್ಲರ್ ಪರಾಂಜಪೆಯವರು ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದರು. ಆ ಸ್ಥಾನ ಪಡೆದ ಮೊದಲ ಭಾರತೀಯ ಅವರು. ಅಲ್ಲಿ ಪ್ರಥಮ ದರ್ಜೆ ಪಡೆದವರು ‘ರ‍್ಯಾಂಗ್ಲರ್’ ಎನಿಸಿಕೊಳ್ಳುತ್ತಾರೆ. ಅವರನ್ನು ಒಂದು, ಎರಡು ಎಂದು ಕ್ರಮವಾಗಿ ಸಾರುವ ಪದ್ಧತಿಯನ್ನು ಕೇಂಬ್ರಿಜ್ 1909ರ ನಂತರ ಕೈಬಿಟ್ಟಿತು. ಧಾರವಾಡದಲ್ಲಿ ಓದಿ ಕೇಂಬ್ರಿಜ್‌ಗೆ ಹೋದ ಪಾವಟೆ ಕೂಡ ರ‍್ಯಾಂಗ್ಲರ್ ಆದರು. ಮುಂಬಯಿ ರಾಜ್ಯದ ಶಿಕ್ಷಣ ನಿರ್ದೇಶಕರಾಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ಬಳಿಕ ಪಂಜಾಬಿನ ರಾಜ್ಯಪಾಲರಾಗಿ ದುಡಿದರು. ಇಂದು ಅವರ ಹೆಸರಿನ ಫೆಲೋಶಿಪ್ ಕರ್ನಾಟಕದ ಯುವ ವಿದ್ವಾಂಸರನ್ನು ಅವರು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿಗೇ ಕಳಿಸುತ್ತದೆ.

ಬಿಟ್ಟ ಶಾಲೆಗೆ ಮರಳಿದ ಹುಡುಗ

ಇನ್ನೊಂದು ಉದಾಹರಣೆ ಚಂದ್ರಶೇಖರ ಕಂಬಾರರದು. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಅವರು ಓದಿದ್ದು ಗೋಕಾಕದ ಮುನ್ಸಿಪಲ್ ಹೈಸ್ಕೂಲಿನಲ್ಲಿ. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕ. ಬಡತನದಿಂದಾಗಿ ಹುಡುಗ ನಡುವೆ ಶಾಲೆ ಬಿಡಬೇಕಾಯಿತು. ಆಗ ಅವರ ಓದಿನ ಖರ್ಚನ್ನು ವಹಿಸಿಕೊಂಡವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಕಂಬಾರರು ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2010ರ ಸಾಲಿನ ಜ್ಞಾನಪೀಠ ಅವರಿಗೆ ಸಂದಿತು. ಆ ಪ್ರಶಸ್ತಿಯನ್ನು ನಾಡೇ ಸಂಭ್ರಮಿಸಿತು. ಆದರೆ ಹೈಸ್ಕೂಲಿನ ಶುಲ್ಕ ಕಟ್ಟುವವರು ಸಿಗದಿದ್ದರೆ ಆ ಸಂಭ್ರಮಕ್ಕೆ ಎಡೆಯೆಲ್ಲಿತ್ತು?

ಅರ್ಜಿ ಹಾಕಿ ಪಡೆಯುವ ಗೌರವ

ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಆರಂಭವಾದದ್ದು 1958ರಲ್ಲಿ. ಡಾ. ಎಸ್. ರಾಧಾಕೃಷ್ಣನ್ ರಾಷ್ಟ್ರಪತಿಯಾದ 1962ರಿಂದ ಅವರ ಜನ್ಮದಿನ ಶಿಕ್ಷಕರ ದಿನವಾಯಿತು. ಅವರು 1921ರಲ್ಲಿ ಮೈಸೂರು ಬಿಟ್ಟು ಕಲಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರಂತೆ. ಅದಕ್ಕೆ ಯಾರ ಶಿಫಾರಸೂ ಬೇಕಾಗಿರಲಿಲ್ಲ.

2018ರಲ್ಲಿ ರಾಷ್ಟ್ರಪ್ರಶಸ್ತಿಯ ನಿಯಮಗಳು ಬದಲಾದವು. ಪ್ರಶಸ್ತಿಗಳ ಸಂಖ್ಯೆ ಇಳಿದು ಆ ವರ್ಷ 45 ಮಂದಿಗಷ್ಟೇ ಸಂದಿತು. ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸುವ ಕ್ರಮ ಬಂತು. ಇದರಿಂದ ಮಧ್ಯವರ್ತಿಗಳ ಕಾಟ ತಪ್ಪುತ್ತದೆ, ದೂರದ ಹಳ್ಳಿಯ ಶಿಕ್ಷಕರಿಗೂ ಬಾಗಿಲು ತೆರೆಯುತ್ತದೆ ಎಂಬುದು ಒಂದು ವಾದ. ತನ್ನ ಹೆಚ್ಚುಗಾರಿಕೆಯನ್ನು ತಾನೇ ಬರೆದುಕೊಳ್ಳಲು ಸಂಕೋಚಪಡುವ ಮಾಸ್ತರ ಅಥವಾ ಅಕ್ಕೋರು ಪಟ್ಟಿಯಿಂದ ಹೊರಗೇ ಉಳಿಯುತ್ತಾರೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ.

ವೇದಿಕೆಯ ಸನ್ಮಾನ ಬೇಡವೆಂದು ಇದರರ್ಥವಲ್ಲ. ಹೆಚ್ಚು ಅಂಕ ಪಡೆದ ಹೆಣ್ಣುಮಗಳ ಹೆಸರನ್ನು ಊರ ಮುಂದೆ ಕೂಗಿದಾಗ ಅವಳನ್ನು ಓದಿಸಬೇಕೆಂಬ ಮನಸ್ಸು ಮನೆಯವರಿಗೂ ಬರುತ್ತದೆ. ಆದರೆ ಮನಸ್ಸಿನ ಜೊತೆಗೆ ಹಾಸ್ಟೆಲಿನ ಖರ್ಚು, ಬಸ್ಸಿನ ಪಾಸು, ಪುಸ್ತಕದ ದುಡ್ಡೂ ಬೇಕು. ಶಿರಸಂಗಿಯ ದೇಸಾಯರಿಗೂ ಸಾವಳಗಿಯ ಸ್ವಾಮಿಗಳಿಗೂ ಇದು ತಿಳಿದಿತ್ತು. ಈ ವರ್ಷ ಫಲಕ ಪಡೆದ ಮಕ್ಕಳಲ್ಲಿ ಮುಂದಿನ ಜೂನ್‌ನಲ್ಲಿ ಎಷ್ಟು ಮಂದಿ ಕಾಲೇಜಿನಲ್ಲಿದ್ದಾರೆಂದು ಸನ್ಮಾನ ಮಾಡಿದವರೇ ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.