ಪಾರ್ಕಿಂಗ್ ಜಾಗದ ಬಂದೂಕು ಕಾನೂನುಗಳು (ಅಮೆರಿಕ)

ನೌಕರನು ತನ್ನ ಬಂದೂಕನ್ನು ಬೀಗ ಹಾಕಿದ ಸ್ವಂತ ವಾಹನದಲ್ಲಿಟ್ಟು ಕಂಪನಿಯ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದರೆ, ಮಾಲೀಕರು ಅದನ್ನು ನಿಷೇಧಿಸದಂತೆ ತಡೆಯುವ ರಾಜ್ಯ ಶಾಸನಗಳು. ಬಂದೂಕು ಹೊಂದುವ ಹಕ್ಕನ್ನು ಕಾಯುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನೇ ಹೊರತು ಖಾಸಗಿ ಮಾಲೀಕರನ್ನಲ್ಲ. ಹೀಗಾಗಿ ಈ ರಕ್ಷಣೆಗೆ ಪ್ರತ್ಯೇಕ ಶಾಸನ ಬೇಕಾಯಿತು.

ಹಿನ್ನೆಲೆ: 2002ರಲ್ಲಿ ಒಕ್ಲಹೋಮದ ವ್ಯಾಲಿಯಂಟ್‌ನಲ್ಲಿದ್ದ ವೇಯರ್‌ಹೌಸರ್ ಕಾಗದ ಕಾರ್ಖಾನೆಯ ಪಾರ್ಕಿಂಗ್ ಜಾಗದಲ್ಲಿ ಶೋಧ ನಡೆಯಿತು. ವಾಹನಗಳಲ್ಲಿ ಬಂದೂಕು ಸಿಕ್ಕ ಹಲವು ಕೆಲಸಗಾರರು ನೌಕರಿ ಕಳೆದುಕೊಂಡರು. ಬೇಟೆಯ ಬಂದೂಕು ವಾಹನದಲ್ಲಿರುವುದು ಸಾಮಾನ್ಯವಾದ ಆ ಸೀಮೆಯಲ್ಲಿ ಇದು ಕೋಲಾಹಲವೆಬ್ಬಿಸಿತು. ರಾಜ್ಯ ಶಾಸಕಾಂಗ 2004ರಲ್ಲಿ ಇಂಥ ನಿಷೇಧಕ್ಕೆ ತಡೆಯೊಡ್ಡಿ, ಮರುವರ್ಷ ಕಾನೂನನ್ನು ತಿದ್ದಿತು.

ನ್ಯಾಯಾಲಯದಲ್ಲಿ: ಕೊನೊಕೊಫಿಲಿಪ್ಸ್ ಮುಂತಾದ ಕಂಪನಿಗಳು ಕಾನೂನನ್ನು ಪ್ರಶ್ನಿಸಿದವು. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿಡಬೇಕೆಂಬ ಫೆಡರಲ್ ಸುರಕ್ಷತಾ ಕಾಯ್ದೆಗೆ ಇದು ವಿರುದ್ಧವೆಂದು ಜಿಲ್ಲಾ ನ್ಯಾಯಾಲಯ 2007ರಲ್ಲಿ ಕಾನೂನಿನ ಜಾರಿಯನ್ನು ತಡೆಯಿತು. 2009ರಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕೆಲಸದ ಸ್ಥಳದ ಬಂದೂಕಿನ ಬಗ್ಗೆ ಫೆಡರಲ್ ಸುರಕ್ಷತಾ ಇಲಾಖೆ ಯಾವ ಮಾನದಂಡವನ್ನೂ ರೂಪಿಸಿಲ್ಲ ಎಂಬುದು ಅದರ ಮುಖ್ಯ ಕಾರಣ. ಆಸ್ತಿಯ ಹಕ್ಕು ಹರಣವಾಗಿದೆ ಎಂಬ ಕಂಪನಿಗಳ ವಾದವನ್ನೂ ಅದು ಒಪ್ಪಲಿಲ್ಲ.

ವಿಸ್ತರಣೆ: ಬಂದೂಕು ಹಕ್ಕಿನ ಪರ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಒತ್ತಾಸೆಯಿಂದ ಕಾನೂನು ಬೇರೆ ರಾಜ್ಯಗಳಿಗೂ ಹರಡಿತು. ಫ್ಲಾರಿಡಾ ಮತ್ತು ಜಾರ್ಜಿಯ 2008ರಲ್ಲಿ, ಇಂಡಿಯಾನ 2010ರಲ್ಲಿ, ಟೆಕ್ಸಾಸ್ 2011ರಲ್ಲಿ ಇದನ್ನು ತಂದವು. ಫ್ಲಾರಿಡಾದ 2008ರ ಕಾನೂನಿನಲ್ಲಿ ರಕ್ಷಣೆ ಇದ್ದದ್ದು ಬಂದೂಕು ಮರೆಮಾಡಿ ಒಯ್ಯುವ ಪರವಾನಗಿ ಪಡೆದ ನೌಕರರಿಗೆ ಮಾತ್ರ. ಟೆನೆಸಿಯ 2013ರ ಕಾನೂನು ವಾಹನದಲ್ಲಿ ಬಂದೂಕಿಡುವುದು ಅಪರಾಧವಲ್ಲ ಎಂದಷ್ಟೇ ಹೇಳಿತು. ಅದಕ್ಕಾಗಿ ನೌಕರಿಯಿಂದ ತೆಗೆಯುವುದಕ್ಕೆ ತಡೆ ಬಂದದ್ದು 2015ರಲ್ಲಿ. ಮಿಸಿಸಿಪ್ಪಿಯಲ್ಲಿ ಹೀಗೆ ಕೆಲಸ ಕಳೆದುಕೊಂಡ ನೌಕರ ಪರಿಹಾರ ಕೋರಿ ದಾವೆ ಹೂಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪಿತ್ತಿತು.

ವಿನಾಯಿತಿಗಳು: ಶಾಲೆ, ಸೆರೆಮನೆ, ಅಣುವಿದ್ಯುತ್ ಸ್ಥಾವರ, ಸ್ಫೋಟಕ ದಾಸ್ತಾನಿರುವ ಸ್ಥಳಗಳನ್ನು ಹಲವು ರಾಜ್ಯಗಳು ಹೊರಗಿಟ್ಟಿವೆ. ಪಟಾಕಿ ಪ್ರದರ್ಶನಕ್ಕಾಗಿ ಪಡೆದ ಸ್ಫೋಟಕ ಪರವಾನಗಿಯನ್ನು ಮುಂದೊಡ್ಡಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಈ ವಿನಾಯಿತಿ ತನಗೂ ಸಲ್ಲುತ್ತದೆ ಎಂದಿತು. ಫೆಡರಲ್ ಆಸ್ತಿಗೆ ರಾಜ್ಯದ ಈ ಕಾನೂನು ಅನ್ವಯಿಸದು: ಅಂಚೆ ಕಚೇರಿಯ ಪಾರ್ಕಿಂಗ್ ಜಾಗದಲ್ಲಿರುವ ಬಂದೂಕು ನಿಷೇಧವನ್ನು ಹತ್ತನೇ ಸರ್ಕ್ಯೂಟ್ ನ್ಯಾಯಾಲಯವೇ 2015ರಲ್ಲಿ ಎತ್ತಿಹಿಡಿಯಿತು.