ನೀಲಿ ಹೊಗೆಯ ಇತಿಹಾಸ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮೂಲ, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಪರವಾನಗಿ ಪದ್ಧತಿಯ ಕಾಲದಲ್ಲಿ ಹೊಸ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಹಳೆಯ ಎಂಜಿನ್ನನ್ನು ಉಳಿಸಿಕೊಳ್ಳುವುದು ಅನಿವಾರ್ಯವಾಗಿತ್ತು.

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಮೆಕ್ಯಾನಿಕ್ ಅವನ್ನು ಬದಲಿಸುತ್ತಿದ್ದ; ಸಿಲಿಂಡರೇ ಸವೆದಿದ್ದರೆ ಬೋರ್ ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನ್ ಕೂರಿಸುತ್ತಿದ್ದ. ಹೀಗೆ ಒಂದೇ ಎಂಜಿನ್ ಹಲವು ಬಾರಿ ಮರುಹುಟ್ಟು ಪಡೆಯುತ್ತಿತ್ತು.

ತರಗತಿಯಲ್ಲಿ ಪರವಾನಗಿ ಪದ್ಧತಿಯನ್ನು ವಿವರಿಸುವಾಗ ನಾನು ಈ ಬೋರಿಂಗ್ ಅಂಗಡಿಗಳನ್ನೇ ಉದಾಹರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಭಾವವು ಜನರನ್ನು ಕಾಡಿತು, ನಿಜ. ಆದರೆ ಕಾರಣವನ್ನು ಹುಡುಕಿ ದುರಸ್ತಿ ಮಾಡುವ ವಿದ್ಯೆಯನ್ನೂ ಕಲಿಸಿತು.

ಹಳೆಯ ಕಾರನ್ನು ಇಟ್ಟುಕೊಂಡಿರುವವರು ಆಯಿಲನ್ನು ಕಾಲಕಾಲಕ್ಕೆ ಬದಲಿಸಿರಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಸುರಿಯುತ್ತಲೇ ಹೋಗದೆ, ಕಾರಣವನ್ನು ಪರೀಕ್ಷಿಸಿರಿ.